ಮಗುವಿನ ಎತ್ತರಕ್ಕೆ ಮನೆ ಕಟ್ಟಿದ ತಾಯಿ - ಡಾ. ಮಾರಿಯಾ ಮಾಂಟೆಸ್ಸರಿ

ನಮ್ಮ ಮನೆಗಳನ್ನು ಒಮ್ಮೆ ಮೂರು ವರ್ಷದ ಮಗುವಿನ ಕಣ್ಣಿನಿಂದ ನೋಡೋಣ. ನೀರಿನ ಲೋಟ ಅಡುಗೆಮನೆಯ ಕಟ್ಟೆಯ ಮೇಲಿದೆ. ಬಟ್ಟೆ ಸಿಕ್ಕಿಸುವ ಮೊಳೆ ಅಪ್ಪನ ತಲೆಯ ಮಟ್ಟಕ್ಕಿದೆ. ಕೈ ತೊಳೆಯುವ ನಳ್ಳಿ ಕೈಗೆಟಕದು. ಕುರ್ಚಿಯನ್ನು ಎಳೆಯಲು ಶಕ್ತಿ ಸಾಲದು. ಹೀಗೆ ಪ್ರತಿಯೊಂದಕ್ಕೂ ದೊಡ್ಡವರನ್ನು ಕೂಗಬೇಕಾದ ಮಗು ಅತ್ತರೆ ನಾವು ಅದನ್ನು ಹಠಮಾರಿ ಎನ್ನುತ್ತೇವೆ. ತಾನೇ ತೆಗೆದುಕೊಳ್ಳಲು ಹೋಗಿ ಲೋಟ ಒಡೆದರೆ ತುಂಟ ಎನ್ನುತ್ತೇವೆ. ತಪ್ಪು ಮಗುವಿನದೋ ಅಥವಾ ಮನೆಯದೋ ಎಂದು ಕೇಳುವವರು ಕಡಿಮೆ.

ಈ ಪ್ರಶ್ನೆಯನ್ನು ಜೀವನವಿಡೀ ಕೇಳಿದವರು ಇಟಲಿಯ ವೈದ್ಯೆ ಡಾ. ಮಾರಿಯಾ ಮಾಂಟೆಸ್ಸರಿ. ಅವರ ಹೆಸರು ನಮಗೆ ಶಾಲೆಯ ಫಲಕಗಳಿಂದ ಪರಿಚಿತ. ನಗರದ ಬೀದಿಬೀದಿಗಳಲ್ಲಿ ಆ ಹೆಸರಿನ ಶಿಶುವಿಹಾರಗಳಿವೆ. ಆದರೆ ಆ ಹೆಸರಿನ ಹಿಂದೆ ಇದ್ದ ಹೆಂಗಸು ಯಾರು, ಅವರು ಏನನ್ನು ಕಂಡರು, ಏನನ್ನು ಕಳೆದುಕೊಂಡರು ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ಅವರು ತಮ್ಮ ಬಾಳಿನ ಕೆಲವು ಮುಖ್ಯ ವರ್ಷಗಳನ್ನು ನಮ್ಮ ದೇಶದಲ್ಲೇ ಕಳೆದರು ಎಂಬ ಕಾರಣಕ್ಕಾದರೂ ಅವರ ಜೀವನವನ್ನು ನಾವು ತಿಳಿದುಕೊಳ್ಳಬೇಕು.

ಹಠ ಹಿಡಿದು ವೈದ್ಯೆಯಾದ ಹುಡುಗಿ

ಮಾರಿಯಾ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಪೂರ್ವ ಕರಾವಳಿಯ ಅಂಕೋನಾ ಪಟ್ಟಣದ ಸಮೀಪದ ಕಿಯಾರವಲ್ಲೆ ಎಂಬ ಊರಿನಲ್ಲಿ. ತಂದೆ ಅಲೆಸ್ಸಾಂಡ್ರೊ ಸರ್ಕಾರಿ ನೌಕರರು. ತಾಯಿ ರೆನಿಲ್ದೆ ಓದಿನಲ್ಲಿ ತುಂಬಾ ಆಸಕ್ತಿಯಿದ್ದವರು. ಮಾರಿಯಾ ಅವರ ಒಬ್ಬಳೇ ಮಗಳು. ತಂದೆಯ ವರ್ಗಾವಣೆಯಿಂದಾಗಿ ಕುಟುಂಬ ಮೊದಲು ಫ್ಲಾರೆನ್ಸಿಗೂ 1875ರಲ್ಲಿ ರೋಮ್ ನಗರಕ್ಕೂ ಬಂದು ನೆಲೆಸಿತು.

ಆ ಕಾಲದ ಇಟಲಿಯಲ್ಲಿ ಓದಿದ ಹೆಣ್ಣುಮಕ್ಕಳಿಗೆ ಸಾಧಾರಣವಾಗಿ ಇದ್ದ ದಾರಿ ಒಂದೇ, ಅದು ಶಿಕ್ಷಕಿಯಾಗುವುದು. ಮಾರಿಯಾಗೆ ಅದು ಬೇಡವಾಗಿತ್ತು. ಎಂಜಿನಿಯರ್ ಆಗಬೇಕೆಂದು ಹುಡುಗರೇ ತುಂಬಿದ್ದ ತಾಂತ್ರಿಕ ಶಾಲೆಗೆ ಸೇರಿದರು. ಮುಂದೆ ಮನಸ್ಸು ಬದಲಾಯಿಸಿ ವೈದ್ಯೆಯಾಗಲು ಹೊರಟಾಗ ತಂದೆಗೆ ಅದು ಹಿಡಿಸಲಿಲ್ಲ. ತಾಯಿ ಮಾತ್ರ ಮಗಳ ಬೆನ್ನಿಗೆ ನಿಂತರು. ಗಂಡಸರ ಜತೆಯಲ್ಲಿ ಹೆಣ್ಣೊಬ್ಬಳು ಶವದ ಮುಂದೆ ನಿಲ್ಲುವುದು ಸಭ್ಯತೆಯಲ್ಲ ಎಂಬ ಕಾರಣಕ್ಕೆ ಮಾರಿಯಾ ಅಂಗರಚನೆಯ ಪಾಠವನ್ನು ಎಲ್ಲರೂ ಹೋದ ಮೇಲೆ ಒಬ್ಬರೇ ಕಲಿಯಬೇಕಾಯಿತು. 1896ರಲ್ಲಿ ಅವರು ರೋಮ್ ವಿಶ್ವವಿದ್ಯಾನಿಲಯದಿಂದ ವೈದ್ಯಕೀಯ ಪದವಿ ಪಡೆದರು. ಇಟಲಿಯ ಮೊತ್ತಮೊದಲ ವೈದ್ಯೆ ಎಂದು ಅವರ ಬಗ್ಗೆ ಬರೆಯುವುದುಂಟು. ಅದು ಸರಿಯಲ್ಲ, ಅವರಿಗಿಂತ ಮುಂಚೆ ಬೆರಳೆಣಿಕೆಯ ಮಹಿಳೆಯರು ಆ ಪದವಿ ಪಡೆದಿದ್ದರು. ಆದರೂ ಅದು ಸಣ್ಣ ಸಾಧನೆಯಲ್ಲ. ಮುಂದೆ ಅದೇ ತಂದೆ ಮಗಳ ಬಗ್ಗೆ ಪತ್ರಿಕೆಗಳಲ್ಲಿ ಬಂದ ಸುದ್ದಿಗಳನ್ನು ಕತ್ತರಿಸಿ ಜೋಪಾನವಾಗಿ ಕೂಡಿಸಿಟ್ಟರು.

ಬರಿಗೋಡೆಯ ಕೋಣೆ

ಪದವಿಯ ಬಳಿಕ ಮಾರಿಯಾ ವಿಶ್ವವಿದ್ಯಾನಿಲಯದ ಮನೋರೋಗ ಚಿಕಿತ್ಸಾಲಯದಲ್ಲಿ ಕೆಲಸಕ್ಕೆ ಸೇರಿದರು. ರೋಮ್ ನಗರದ ಹುಚ್ಚಾಸ್ಪತ್ರೆಗಳಿಗೆ ಹೋಗಿ ಬರುವುದು ಅವರ ಕೆಲಸದ ಭಾಗವಾಗಿತ್ತು. ಬುದ್ಧಿ ಬೆಳೆಯದ ಮಕ್ಕಳನ್ನು ಅಂದು ಅಲ್ಲಿ ದೊಡ್ಡ ರೋಗಿಗಳ ಜತೆಯಲ್ಲೇ ಕೂಡಿಹಾಕುತ್ತಿದ್ದರು. ಅಂಥ ಒಂದು ಕೋಣೆಯಲ್ಲಿ ಮಕ್ಕಳು ಊಟ ಮುಗಿದ ಮೇಲೆ ನೆಲಕ್ಕೆ ಬಗ್ಗಿ ಬಿದ್ದ ರೊಟ್ಟಿಯ ಚೂರುಗಳನ್ನು ಹೆಕ್ಕುವುದನ್ನು ಅವರು ಕಂಡರು. ನೋಡಿಕೊಳ್ಳುವವಳಿಗೆ ಅದು ಹೊಟ್ಟೆಬಾಕತನವಾಗಿ ಕಂಡಿತ್ತು. ಮಾರಿಯಾ ಕೋಣೆಯ ಸುತ್ತ ಕಣ್ಣು ಹಾಯಿಸಿದರು. ಅಲ್ಲಿ ಬರಿಗೋಡೆಗಳ ಹೊರತು ಬೇರೇನೂ ಇರಲಿಲ್ಲ. ಆಟಿಕೆಯಿಲ್ಲ, ಮುಟ್ಟಲು, ಹಿಡಿಯಲು, ತಿರುಗಿಸಿ ನೋಡಲು ಒಂದು ವಸ್ತುವಿಲ್ಲ. ಮಕ್ಕಳ ಕೈಗಳಿಗೆ ಸಿಕ್ಕಿದ್ದು ಆ ರೊಟ್ಟಿಯ ಚೂರುಗಳು ಮಾತ್ರ. ಅವರ ಹಸಿವು ಹೊಟ್ಟೆಯದಲ್ಲ, ಕೈ ಮತ್ತು ಮನಸ್ಸಿನದು ಎಂದು ಅವರಿಗೆ ತೋರಿತು.

ಇಲ್ಲಿಂದ ಅವರ ದಾರಿ ಬದಲಾಯಿತು. ಫ್ರಾನ್ಸಿನ ವೈದ್ಯರಾದ ಇತಾರ್ ಮತ್ತು ಸೆಗ್ಯಾ ಅವರ ಹಳೆಯ ಪುಸ್ತಕಗಳನ್ನು ಹುಡುಕಿ ಓದಿದರು. 1800ರಲ್ಲಿ ಫ್ರಾನ್ಸಿನ ಅವೆರಾನ್ ಪ್ರದೇಶದ ಕಾಡಿನಿಂದ ಹೊರಬಂದ ಒಬ್ಬ ಹುಡುಗನಿಗೆ ಇತಾರ್ ವರ್ಷಗಟ್ಟಲೆ ಕಲಿಸಲು ಶ್ರಮಿಸಿದ್ದರು. ಮನುಷ್ಯರ ನಡುವೆ ಬೆಳೆಯದ ಆ ಬಾಲಕ ಕೆಲವು ಸಂಗತಿಗಳನ್ನು ಕಲಿತರೂ ಮಾತು ಮಾತ್ರ ಅವನಿಗೆ ಒಲಿಯಲಿಲ್ಲ. ಬಾಲ್ಯದ ಪರಿಸರ ಕೊಡದಿದ್ದುದನ್ನು ಆಮೇಲೆ ಕೊಡುವುದು ಎಷ್ಟು ಕಷ್ಟ ಎಂಬುದಕ್ಕೆ ಅದೊಂದು ಸಾಕ್ಷಿಯಾಗಿತ್ತು. 1900ರಲ್ಲಿ ರೋಮ್‌ನಲ್ಲಿ ಇಂಥ ಮಕ್ಕಳ ಶಿಕ್ಷಕರಿಗಾಗಿ ತೆರೆದ ತರಬೇತಿ ಶಾಲೆಗೆ ಮಾರಿಯಾ ಮತ್ತು ಅವರ ಸಹೋದ್ಯೋಗಿ ಡಾ. ಜುಸೆಪ್ಪೆ ಮೊಂತೆಸಾನೊ ಜಂಟಿ ನಿರ್ದೇಶಕರಾದರು. ಅಲ್ಲಿ ಕಲಿತ ಕೆಲವು ಮಕ್ಕಳು ಸಾಮಾನ್ಯ ಶಾಲೆಯ ಮಕ್ಕಳಂತೆ ಓದು ಬರಹದ ಪರೀಕ್ಷೆಯಲ್ಲಿ ಉತ್ತೀರ್ಣರಾದಾಗ ಜನ ಬೆರಗಾದರು. ಮಾರಿಯಾಗೆ ಹುಟ್ಟಿದ ಪ್ರಶ್ನೆ ಬೇರೆಯೇ ಆಗಿತ್ತು. ಈ ಮಕ್ಕಳು ಇಷ್ಟು ಕಲಿಯಬಹುದಾದರೆ, ಆರೋಗ್ಯವಂತ ಮಕ್ಕಳು ಶಾಲೆಗಳಲ್ಲಿ ಇಷ್ಟು ಹಿಂದೆ ಉಳಿಯಲು ಕಾರಣವೇನು?

ತಾಯಿಯಿಂದ ದೂರವಾದ ಮಗ

ಇದೇ ಸಮಯದಲ್ಲಿ ಅವರ ಸ್ವಂತ ಬಾಳಿನಲ್ಲಿ ಒಂದು ದೊಡ್ಡ ನೋವು ನಡೆದುಹೋಯಿತು. 1898ರ ಮಾರ್ಚ್ 31ರಂದು ಅವರಿಗೆ ಮಾರಿಯೋ ಎಂಬ ಮಗ ಹುಟ್ಟಿದ. ಮಗುವಿನ ತಂದೆ ಡಾ. ಮೊಂತೆಸಾನೊ. ಅವರಿಬ್ಬರಿಗೆ ಮದುವೆಯಾಗಿರಲಿಲ್ಲ. ವಿಷಯ ಹೊರಬಿದ್ದರೆ ಮಾರಿಯಾರ ಉದ್ಯೋಗ, ಹೆಸರು ಎಲ್ಲವೂ ಮುಳುಗುವ ಕಾಲವದು. ಮಗುವನ್ನು ಹಳ್ಳಿಯ ಒಂದು ಕುಟುಂಬದ ಆರೈಕೆಗೆ ಒಪ್ಪಿಸಲಾಯಿತು. ಮಾರಿಯಾ ಆಗಾಗ ಹೋಗಿ ನೋಡಿ ಬರುತ್ತಿದ್ದರು, ಆದರೆ ತಾನು ತಾಯಿಯೆಂದು ಹೇಳಿಕೊಳ್ಳುವಂತಿರಲಿಲ್ಲ. 1901ರಲ್ಲಿ ಮೊಂತೆಸಾನೊ ಬೇರೊಬ್ಬರನ್ನು ಮದುವೆಯಾದರು. ಮಾರಿಯಾ ಆ ಸಂಸ್ಥೆಯನ್ನೇ ಬಿಟ್ಟು ಹೊರಬಂದರು.

ಇದನ್ನು ನಾವು ಇಲ್ಲಿ ಬರೆಯುವುದು ಯಾರನ್ನೂ ದೂರುವುದಕ್ಕಲ್ಲ. ಜಗತ್ತಿನ ಮಕ್ಕಳಿಗೆಲ್ಲ ತಕ್ಕ ಮನೆ ಬೇಕೆಂದು ಹೋರಾಡಿದವರು ತನ್ನ ಸ್ವಂತ ಮಗನಿಗೆ ತನ್ನ ಮನೆಯನ್ನು ಕೊಡಲಾಗಲಿಲ್ಲ. ಒಂದು ಸಮಾಜದ ಪರಿಸರ ಮಗುವನ್ನು ಮಾತ್ರವಲ್ಲ, ತಾಯಿಯನ್ನೂ ಹೇಗೆ ಕಟ್ಟಿಹಾಕುತ್ತದೆ ಎಂಬುದನ್ನು ಇದು ತೋರಿಸುತ್ತದೆ. ಮಾರಿಯೋ ತಾಯಿಯೊಂದಿಗೆ ಬಾಳಲು ಬಂದದ್ದು 1913ರಲ್ಲಿ, ಅವನಿಗೆ 15 ವರ್ಷವಾದ ಮೇಲೆ. ಆಗಲೂ ಹೊರಗಿನವರಿಗೆ ಅವನು ಸೋದರಳಿಯ ಅಥವಾ ಸಾಕುಮಗನೆಂದೇ ಪರಿಚಿತನಾದ.

ಸಾನ್ ಲೊರೆಂಜೊದ ಮಕ್ಕಳ ಮನೆ

ರೋಮ್ ನಗರ ರಾಜಧಾನಿಯಾದ ಮೇಲೆ ಅಲ್ಲಿ ಕಟ್ಟಡಗಳ ಭರಾಟೆ ಶುರುವಾಗಿತ್ತು. 1880ರ ದಶಕದ ಕೊನೆಗೆ ಆ ವ್ಯಾಪಾರ ಕುಸಿದುಬಿತ್ತು. ಸಾನ್ ಲೊರೆಂಜೊ ಎಂಬ ಬಡಾವಣೆಯಲ್ಲಿ ಅರ್ಧಂಬರ್ಧ ಕಟ್ಟಿದ ಮನೆಗಳಲ್ಲಿ ಬಡವರು ತುಂಬಿಕೊಂಡರು. ನೀರು, ಗಾಳಿ, ಬೆಳಕು ಯಾವುದೂ ಸರಿಯಿರಲಿಲ್ಲ. ಮುಂದೆ ಒಂದು ಕಟ್ಟಡ ಸಂಸ್ಥೆ ಈ ಮನೆಗಳನ್ನು ಕೊಂಡು ದುರಸ್ತಿ ಮಾಡಿ ಬಾಡಿಗೆಗೆ ಕೊಟ್ಟಿತು. ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋದ ಮೇಲೆ ಶಾಲೆಗೆ ಹೋಗುವ ವಯಸ್ಸಾಗದ ಚಿಕ್ಕ ಮಕ್ಕಳು ಹೊಸದಾಗಿ ಸುಣ್ಣ ಬಳಿದ ಗೋಡೆಗಳನ್ನು ಕೆಡಿಸುತ್ತಾ ಮೆಟ್ಟಿಲುಗಳಲ್ಲಿ ಗಲಾಟೆ ಮಾಡುತ್ತಾ ಇದ್ದರು. ದುರಸ್ತಿಗೆ ಖರ್ಚು ಮಾಡುವ ಹಣದಲ್ಲೇ ಈ ಮಕ್ಕಳನ್ನು ಒಂದು ಕೋಣೆಯಲ್ಲಿ ನೋಡಿಕೊಳ್ಳಬಹುದೆಂದು ಸಂಸ್ಥೆಯ ಮುಖ್ಯಸ್ಥ ಎಡ್ವಾರ್ಡೊ ತಾಲಮೊ ಯೋಚಿಸಿ ಡಾ. ಮಾಂಟೆಸ್ಸರಿಯವರನ್ನು ಕರೆದರು. ಲೋಕಪ್ರಸಿದ್ಧವಾದ ಒಂದು ಶಿಕ್ಷಣ ಪದ್ಧತಿ ಹುಟ್ಟಿದ್ದು ಹೀಗೆ, ಗೋಡೆ ಉಳಿಸುವ ಲೆಕ್ಕಾಚಾರದಿಂದ.

1907ರ ಜನವರಿ 6, ಮೂರು ರಾಯರ ಹಬ್ಬದ ದಿನ ದೇಯ್ ಮಾರ್ಸಿ ಬೀದಿಯ 58ನೇ ನಂಬರಿನ ಕಟ್ಟಡದಲ್ಲಿ ಮೊದಲ ಮಕ್ಕಳ ಮನೆ ತೆರೆಯಿತು. ಸುಮಾರು 50 ಮಕ್ಕಳು ಬಂದರು. ಹೆದರಿ ಅಳುವವರು, ಮಾತೇ ಆಡದವರು, ಒಬ್ಬರನ್ನೊಬ್ಬರು ತಳ್ಳುವವರು ಇದ್ದರು. ಮಾರಿಯಾ ಅವರಿಗೆ ದೊಡ್ಡ ಪಾಠವೇನೂ ಹೇಳಲಿಲ್ಲ, ಸುತ್ತಲಿನದನ್ನು ಬದಲಾಯಿಸುತ್ತಾ ಹೋದರು. ಮಗು ತಾನೇ ಎತ್ತಬಲ್ಲ ಹಗುರವಾದ ಪುಟ್ಟ ಮೇಜು ಕುರ್ಚಿಗಳು ಬಂದವು. ಮಗುವಿನ ಎತ್ತರಕ್ಕೆ ಕೈ ತೊಳೆಯುವ ಸ್ಥಳ ಬಂತು. ತಗ್ಗಿನ ಕಪಾಟುಗಳಲ್ಲಿ ಕಲಿಕೆಯ ವಸ್ತುಗಳನ್ನು ಇಡಲಾಯಿತು. ಊಟಕ್ಕೆ ಒಡೆಯಬಹುದಾದ ಪಿಂಗಾಣಿ ತಟ್ಟೆಗಳನ್ನೇ ಕೊಟ್ಟರು. ಏಕೆಂದರೆ ಒಡೆಯದ ತಟ್ಟೆಯಿಂದ ಜಾಗ್ರತೆ ಕಲಿಯಲಾಗದು.

ಆಮೇಲೆ ನಡೆದದ್ದು ಅವರಿಗೇ ಅಚ್ಚರಿ ತಂದಿತು. ಮೂರು ವರ್ಷದ ಒಂದು ಹುಡುಗಿ ಮರದ ಉರುಳೆಗಳನ್ನು ಅವುಗಳ ಗುಂಡಿಗಳಲ್ಲಿ ಕೂರಿಸಿ ತೆಗೆಯುವ ಕೆಲಸದಲ್ಲಿ ಮುಳುಗಿದ್ದಳು. ಪರೀಕ್ಷಿಸಲೆಂದು ಅವಳ ಕುರ್ಚಿಯನ್ನೇ ಎತ್ತಿ ಮೇಜಿನ ಮೇಲಿಟ್ಟರು, ಇತರ ಮಕ್ಕಳಿಂದ ಹಾಡು ಹಾಡಿಸಿದರು. ಅವಳ ಗಮನ ಕದಲಲಿಲ್ಲ. 40ಕ್ಕೂ ಹೆಚ್ಚು ಸಲ ಅದನ್ನೇ ಮಾಡಿ, ಒಳ್ಳೆಯ ನಿದ್ದೆಯಿಂದ ಎದ್ದವಳಂತೆ ನಗುನಗುತ್ತಾ ನಿಲ್ಲಿಸಿದಳು. ಮತ್ತೊಂದು ದಿನ ಶಿಕ್ಷಕಿ ಕಪಾಟಿಗೆ ಬೀಗ ಹಾಕಲು ಮರೆತಿದ್ದರು. ಮಕ್ಕಳು ತಮಗೆ ಬೇಕಾದ ವಸ್ತುವನ್ನು ತಾವೇ ತೆಗೆದು ಕೆಲಸ ಮಾಡುತ್ತಿದ್ದರು. ಅದನ್ನು ಕಳ್ಳತನವೆಂದು ಶಿಕ್ಷಕಿ ಬೇಸರಪಟ್ಟರು. ಮಾರಿಯಾಗೆ ಮಾತ್ರ ಇದು ಆಯ್ಕೆಯ ಬುದ್ಧಿಯಾಗಿ ಕಂಡಿತು. ಅಂದಿನಿಂದ ಕಪಾಟಿಗೆ ಬೀಗವಿಲ್ಲವಾಯಿತು.

ಬದಲಾವಣೆ ಕೋಣೆಯೊಳಗೇ ಉಳಿಯಲಿಲ್ಲ. ಮಕ್ಕಳನ್ನು ಶುಚಿಯಾಗಿ ಕಳುಹಿಸಬೇಕು, ವಾರಕ್ಕೊಮ್ಮೆ ತಾಯಂದಿರು ಶಿಕ್ಷಕಿಯೊಂದಿಗೆ ಮಾತನಾಡಬೇಕು ಎಂಬ ನಿಯಮವಿತ್ತು. ಶಾಲೆ ವಾಸದ ಕಟ್ಟಡದಲ್ಲೇ ಇದ್ದುದರಿಂದ ತಾಯಂದಿರು ಯಾವ ಹೊತ್ತಿನಲ್ಲೂ ಬಂದು ನೋಡಬಹುದಿತ್ತು. ಕೈ ತೊಳೆಯಲು, ಮೇಜು ಒರೆಸಲು ಕಲಿತ ಮಗು ಅದೇ ಅಭ್ಯಾಸವನ್ನು ಮನೆಗೆ ಹೊತ್ತೊಯ್ದಿತು. ದೊಡ್ಡವರು ಮಕ್ಕಳ ಪರಿಸರ ಎಂಬುದು ನಮಗೆ ಗೊತ್ತು. ಮಕ್ಕಳು ಕೂಡ ದೊಡ್ಡವರ ಪರಿಸರವೆಂದು ಆ ಬಡ ಕೇರಿ ತೋರಿಸಿಕೊಟ್ಟಿತು.

ಕೋಳಿಗೂಡು ಮತ್ತು ಕಂಬಳಿಹುಳ

ಡಾ. ಮಾಂಟೆಸ್ಸರಿಯವರು ಪರಿಸರ ಎಂದಾಗ ಅದರಲ್ಲಿ ಗಿಡಮರ, ಪ್ರಾಣಿ, ಪಕ್ಷಿಗಳೂ ಸೇರಿದ್ದವು. ಮಿಲಾನ್ ನಗರದ ಮಕ್ಕಳ ಮನೆಯಲ್ಲಿ ಒಂದು ಜೋಡಿ ಬಿಳಿ ಕೋಳಿಗಳಿದ್ದವು. ಬೆಳಿಗ್ಗೆ ಗೂಡಿನ ಬಾಗಿಲು ತೆರೆಯುವುದು, ನೀರು ಹುಲ್ಲು ಇಡುವುದು, ಸಂಜೆ ಬಾಗಿಲು ಮುಚ್ಚುವುದು ಎಲ್ಲವೂ ಪುಟ್ಟ ಮಕ್ಕಳ ಜವಾಬ್ದಾರಿ. ತಾನು ನೀರಿಡದಿದ್ದರೆ ಕೋಳಿ ಬಾಯಾರುತ್ತದೆ ಎಂದು ಅರಿತ ಮಗುವಿಗೆ ಜವಾಬ್ದಾರಿಯ ಬಗ್ಗೆ ಬೇರೆ ಉಪದೇಶ ಬೇಕಾಗುವುದಿಲ್ಲ. ಬೀಜ ಹಾಕಿ ಕಾಯುವ ಮಗು ತಾಳ್ಮೆಯನ್ನೂ ಅಲ್ಲೇ ಕಲಿಯುತ್ತದೆ. ಹಟ್ಟಿಯಲ್ಲಿ ದನಕರು, ಅಂಗಳದಲ್ಲಿ ಕೋಳಿ ಇದ್ದ ಮನೆಗಳಲ್ಲಿ ಬೆಳೆದ ನಮ್ಮ ಹಿರಿಯ ಓದುಗರಿಗೆ ಇದು ಹೊಸ ಮಾತಲ್ಲ.

ಪ್ರಾಣಿಲೋಕದಿಂದ ಅವರು ಇನ್ನೊಂದು ಪಾಠವನ್ನೂ ತೆಗೆದುಕೊಂಡರು. ಹಾಲೆಂಡಿನ ವಿಜ್ಞಾನಿ ಹ್ಯೂಗೊ ಡಿ ವ್ರೀಸ್ ಅವರು ತಿಳಿಸಿದ ಒಂದು ಚಿಟ್ಟೆಯ ಉದಾಹರಣೆಯನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಆ ಚಿಟ್ಟೆ ಮಳೆಗಾಳಿಗೆ ಸಿಗದಂತೆ ಕೊಂಬೆ ಕಾಂಡ ಕೂಡುವ ಸಂದಿಯಲ್ಲಿ ಮೊಟ್ಟೆಯಿಡುತ್ತದೆ. ಮೊಟ್ಟೆಯಿಂದ ಬಂದ ಹುಳಕ್ಕೆ ತಿನ್ನಲು ಎಳೆ ಚಿಗುರು ಬೇಕು, ಚಿಗುರು ಇರುವುದು ಕೊಂಬೆಯ ತುದಿಯಲ್ಲಿ. ದಾರಿ ತೋರುವವರು ಯಾರೂ ಇಲ್ಲ. ಆದರೆ ಆ ದಿನಗಳಲ್ಲಿ ಹುಳಕ್ಕೆ ಬೆಳಕಿನ ಸೆಳೆತ ಬಲವಾಗಿರುತ್ತದೆ. ಬೆಳಕಿನ ಕಡೆ ತೆವಳುತ್ತಾ ಅದು ಚಿಗುರನ್ನು ತಲುಪುತ್ತದೆ. ದೊಡ್ಡದಾಗಿ ಬಲಿತ ಎಲೆ ತಿನ್ನುವಂತಾದ ಮೇಲೆ ಆ ಸೆಳೆತ ತಾನಾಗಿ ಹೋಗಿಬಿಡುತ್ತದೆ. ಮಗುವಿನಲ್ಲೂ ಹೀಗೆಯೇ ಮಾತಿಗೆ, ನಡಿಗೆಗೆ, ಒಪ್ಪ ಓರಣಕ್ಕೆ ಒಂದೊಂದು ಸೆಳೆತದ ಕಾಲವಿದೆ, ಆ ಕಾಲದಲ್ಲಿ ಹತ್ತಿರದಲ್ಲಿ ಚಿಗುರು ಇರಬೇಕು ಎಂಬುದು ಅವರ ವಿಚಾರ.

ಕೀರ್ತಿ ಮತ್ತು ಅಲೆದಾಟ

1909ರಲ್ಲಿ ಅವರ ಮೊದಲ ಶಿಕ್ಷಣ ಗ್ರಂಥ ಹೊರಬಂತು. ಕೆಲವೇ ವರ್ಷಗಳಲ್ಲಿ ಅದು ಅನೇಕ ಭಾಷೆಗಳಿಗೆ ಅನುವಾದವಾಯಿತು. 1913ರಲ್ಲಿ ಅಮೆರಿಕ ಅವರನ್ನು ಅದ್ದೂರಿಯಾಗಿ ಸ್ವಾಗತಿಸಿತು. 1915ರಲ್ಲಿ ಸಾನ್ ಫ್ರಾನ್ಸಿಸ್ಕೊ ವಸ್ತುಪ್ರದರ್ಶನದಲ್ಲಿ ಗಾಜಿನ ಗೋಡೆಯ ತರಗತಿಯೊಂದನ್ನು ನಡೆಸಲಾಯಿತು. ಹೊರಗೆ ಜನಜಂಗುಳಿ ನೋಡುತ್ತಿದ್ದರೂ ಮಕ್ಕಳು ತಮ್ಮ ಪಾಡಿಗೆ ಕೆಲಸದಲ್ಲಿ ಮಗ್ನರಾಗಿದ್ದರು. 1931ರಲ್ಲಿ ಲಂಡನ್ನಿನ ಅವರ ತರಬೇತಿ ಕೇಂದ್ರಕ್ಕೆ ಮಹಾತ್ಮ ಗಾಂಧೀಜಿಯವರು ಬಂದು ಮಾತನಾಡಿದರು.

ಅವರ ಎಲ್ಲ ಹೆಜ್ಜೆಗಳೂ ಸರಿಯಾಗಿದ್ದವು ಎಂದು ನಾವು ಹೇಳುವುದಿಲ್ಲ. ತಲೆಯ ಅಳತೆಯಿಂದ ಮನುಷ್ಯರನ್ನು ತಿಳಿಯಬಹುದೆಂಬ ಆ ಕಾಲದ ನಂಬಿಕೆ ಅವರ ಆರಂಭದ ಬರಹಗಳಲ್ಲಿದೆ, ಇಂದು ಅದನ್ನು ಯಾರೂ ಒಪ್ಪುವುದಿಲ್ಲ. 1920ರ ದಶಕದಲ್ಲಿ ಅವರು ಮುಸೊಲಿನಿಯ ಸರ್ಕಾರದ ಬೆಂಬಲವನ್ನು ಸ್ವೀಕರಿಸಿದರು. ಶಾಲೆಗಳು ಬೆಳೆಯಲಿ ಎಂಬ ಆಸೆ ಅದರ ಹಿಂದಿತ್ತು. ಆದರೆ ಮಕ್ಕಳನ್ನು ಸಮವಸ್ತ್ರದ ಸಿಪಾಯಿಗಳನ್ನಾಗಿ ಮಾಡಬಯಸುವ ಆಡಳಿತಕ್ಕೂ, ಮಗು ತಾನೇ ಆರಿಸಿಕೊಳ್ಳಲಿ ಎನ್ನುವ ಶಾಲೆಗೂ ಎಷ್ಟು ದಿನ ಹೊಂದಾಣಿಕೆ ಸಾಧ್ಯ? 1934ರಲ್ಲಿ ಸಂಬಂಧ ಪೂರ್ತಿ ಮುರಿದು ಅವರು ಇಟಲಿಯಿಂದ ದೂರವಾದರು. ಜರ್ಮನಿಯಲ್ಲಿ ಹಿಟ್ಲರನ ಆಡಳಿತವೂ ಅವರ ಶಾಲೆಗಳನ್ನು ಮುಚ್ಚಿಸಿತು. ಅವರು ನೆಲೆಸಿದ್ದ ಬಾರ್ಸಿಲೋನಾದಲ್ಲಿ 1936ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಅಲ್ಲಿಂದಲೂ ಹೊರಟು ಕೊನೆಗೆ ಹಾಲೆಂಡಿಗೆ ಬಂದರು. ಮಕ್ಕಳ ಮನೆ ಕಟ್ಟಿದವರಿಗೆ ಸ್ವಂತ ಮನೆ ಎಲ್ಲೂ ಉಳಿಯಲಿಲ್ಲ.

ಭಾರತದಲ್ಲಿ ಸಿಕ್ಕ ಮಗ

1939ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಜಾರ್ಜ್ ಅರುಂಡೇಲ್ ಮತ್ತು ರುಕ್ಮಿಣಿ ದೇವಿಯವರ ಆಹ್ವಾನದ ಮೇರೆಗೆ ಡಾ. ಮಾಂಟೆಸ್ಸರಿ ಮದರಾಸಿನ ಅಡ್ಯಾರ್‌ಗೆ ಬಂದರು. ಆಗ ಅವರಿಗೆ 69 ವರ್ಷ. ಜತೆಯಲ್ಲಿ ಮಾರಿಯೋ ಇದ್ದರು. ದೇಶದ ನಾನಾ ಕಡೆಗಳಿಂದ ಸುಮಾರು 300 ಮಂದಿ ತರಬೇತಿಗೆ ಬಂದರು. ಅವರು ಇಟಾಲಿಯನ್ ಭಾಷೆಯಲ್ಲಿ ಮಾತನಾಡಿದರೆ ಮಾರಿಯೋ ಇಂಗ್ಲಿಷಿಗೆ ತರ್ಜುಮೆ ಮಾಡುತ್ತಿದ್ದರು. ಕೆಲವು ತಿಂಗಳಿದ್ದು ಮರಳುವ ಯೋಚನೆ ಅವರದಾಗಿತ್ತು.

1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಬ್ರಿಟಿಷ್ ಭಾರತದಲ್ಲಿದ್ದ ಇಟಲಿಯವರು ಶತ್ರುದೇಶದವರಾದರು. ಮಾರಿಯೋ ಅವರನ್ನು ಅಹಮದ್‌ನಗರದ ಬಂಧನ ಶಿಬಿರಕ್ಕೆ ಕೊಂಡೊಯ್ದರು. ವಯಸ್ಸಾದ ತಾಯಿಗೆ ಅಡ್ಯಾರ್ ಆವರಣ ಬಿಟ್ಟು ಹೊರಹೋಗದಂತೆ ನಿರ್ಬಂಧವಾಯಿತು. ಯುದ್ಧ ಮತ್ತೊಮ್ಮೆ ಅವರಿಬ್ಬರನ್ನು ಬೇರೆ ಮಾಡಿತು. 1940ರ ಆಗಸ್ಟ್ 31ರಂದು ಅವರ 70ನೇ ಹುಟ್ಟುಹಬ್ಬ. ಆ ದಿನಕ್ಕೆ ಉಡುಗೊರೆಯಾಗಿ ವೈಸ್‌ರಾಯ್ ಸರ್ಕಾರ ಮಾರಿಯೋ ಅವರನ್ನು ಬಿಡುಗಡೆ ಮಾಡಿತು. ಆ ಸಂದೇಶದಲ್ಲಿ ಮಾರಿಯೋ ಅವರನ್ನು ಸೋದರಳಿಯನೆಂದಾಗಲಿ ಸಾಕುಮಗನೆಂದಾಗಲಿ ಕರೆದಿರಲಿಲ್ಲ, ಮಗನೆಂದೇ ಕರೆದಿತ್ತು. 42 ವರ್ಷ ಮುಚ್ಚಿಟ್ಟಿದ್ದ ಒಂದು ಸಂಬಂಧಕ್ಕೆ ಅಧಿಕೃತವಾಗಿ ಅದರ ಹೆಸರು ಸಿಕ್ಕಿದ್ದು ನಮ್ಮ ಮಣ್ಣಿನಲ್ಲಿ. ಆದರೆ ಮಾರಿಯೋ ಅವರ ನಾಲ್ವರು ಮಕ್ಕಳು ಆ ಯುದ್ಧದ ವರ್ಷಗಳಲ್ಲಿ ಹಾಲೆಂಡಿನಲ್ಲಿ ಪರಿಚಿತರ ಆಶ್ರಯದಲ್ಲಿದ್ದರು ಎಂಬುದನ್ನೂ ಮರೆಯುವಂತಿಲ್ಲ.

1942ರಿಂದ ಸುಮಾರು ಎರಡು ವರ್ಷ ಅವರು ಕೊಡೈಕನಾಲ್ ಬೆಟ್ಟದಲ್ಲಿದ್ದರು. ಅಲ್ಲಿ ಭಾರತೀಯ ಮತ್ತು ಐರೋಪ್ಯ ಮಕ್ಕಳು ಒಟ್ಟಿಗೆ ಕಲಿಯುವ ಪುಟ್ಟ ಶಾಲೆ ನಡೆಯಿತು. ಸುತ್ತಲಿನ ಮರ, ಕೆರೆ, ಹುಳ ಹುಪ್ಪಟೆಗಳೇ ಪಾಠವಾದವು. ಸೃಷ್ಟಿಯ ಪ್ರತಿಯೊಂದು ಜೀವಿ ತನಗಾಗಿ ಬಾಳುತ್ತಲೇ ಪರಿಸರಕ್ಕಾಗಿಯೂ ಒಂದು ಕೆಲಸ ಮಾಡುತ್ತದೆ ಎಂಬ ವಿಚಾರ ಇಲ್ಲಿ ಬೆಳೆಯಿತು. ನದಿಗಳು ಸಮುದ್ರಕ್ಕೆ ತರುವ ಸುಣ್ಣದ ಅಂಶವನ್ನು ಹವಳದ ಜೀವಿಗಳೂ ಚಿಪ್ಪಿನ ಪ್ರಾಣಿಗಳೂ ಹೀರಿಕೊಂಡು ತಮ್ಮ ಮನೆ ಕಟ್ಟಿಕೊಳ್ಳುತ್ತವೆ, ಅದರಿಂದ ನೀರಿನ ಸಮತೋಲ ಉಳಿಯುತ್ತದೆ ಎಂದು ಅವರು ಮಕ್ಕಳಿಗೆ ತಿಳಿಸುತ್ತಿದ್ದರು. ಚಿಪ್ಪು ಸುಟ್ಟು ಸುಣ್ಣ ಮಾಡುವುದನ್ನು ಕಂಡಿರುವ ಕರಾವಳಿಯ ನಮಗೆ ಈ ಮಾತು ಬೇಗ ಅರ್ಥವಾಗುತ್ತದೆ.

ತಾಯಿಯ ಸೊಂಟದ ಮೇಲೆ ಕುಳಿತು ಪೇಟೆ, ಹೊಲ, ಹಬ್ಬ ಎಲ್ಲವನ್ನೂ ನೋಡುವ ಮಗುವಿಗೆ ಪ್ರಪಂಚವೇ ಶಾಲೆ ಎಂದು ಅವರು ಗಮನಿಸಿದರು. ಮಗು ಕಲಿಯುವುದು ಪಾಠದಿಂದಲ್ಲ, ಸುತ್ತಲಿನದನ್ನು ಹೀರಿಕೊಂಡು ಎಂಬ ಅವರ ವಿಚಾರ ಅಹಮದಾಬಾದಿನ ಉಪನ್ಯಾಸಗಳಲ್ಲಿ ರೂಪುಗೊಂಡು 1949ರಲ್ಲಿ ಅಡ್ಯಾರ್‌ನಿಂದ ಪುಸ್ತಕವಾಗಿ ಬಂತು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ ಎಂದು ಮೂರು ಭಾಷೆಗಳನ್ನು ವ್ಯಾಕರಣವಿಲ್ಲದೆ ಕಲಿತ ನಮ್ಮ ಮಕ್ಕಳೇ ಇದಕ್ಕೆ ಉದಾಹರಣೆ. 1946ರಲ್ಲಿ ಅವರು ಹಾಲೆಂಡಿಗೆ ಮರಳಿದರು. 1947ರಲ್ಲಿ ಮತ್ತೆ ಭಾರತಕ್ಕೆ ಬಂದು 1949ರವರೆಗೆ ದುಡಿದರು. ಅವರಿಂದ ತರಬೇತಿ ಪಡೆದ ಭಾರತೀಯರ ಸಂಖ್ಯೆ 1,000 ಮೀರುತ್ತದೆ.

ಕೊನೆಯ ದಿನಗಳು ಮತ್ತು ನಾವು

1949, 1950 ಮತ್ತು 1951ರಲ್ಲಿ ಅವರ ಹೆಸರು ನೊಬೆಲ್ ಶಾಂತಿ ಪ್ರಶಸ್ತಿಗೆ ಸೂಚಿತವಾಯಿತು, ಪ್ರಶಸ್ತಿ ಬರಲಿಲ್ಲ. 1952ರ ಮೇ 6ರಂದು ಹಾಲೆಂಡಿನ ಕಡಲತೀರದ ನೂರ್ಡ್‌ವೈಕ್ ಎಂಬ ಊರಿನಲ್ಲಿ, 81ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಆಫ್ರಿಕಾಕ್ಕೆ ಹೋಗಿ ಶಿಕ್ಷಕರಿಗೆ ತರಬೇತಿ ಕೊಡುವ ಮಾತುಕತೆ ಆ ದಿನಗಳಲ್ಲೂ ನಡೆದಿತ್ತು. ಅವರ ದೇಹವನ್ನು ಅದೇ ಊರಿನ ಕಥೊಲಿಕ್ ಸ್ಮಶಾನದಲ್ಲಿ ಮಣ್ಣುಮಾಡಲಾಯಿತು. ಮಾರಿಯೋ 1982ರಲ್ಲಿ ನಿಧನರಾಗುವ ತನಕ ತಾಯಿಯ ಕೆಲಸವನ್ನೇ ಮುಂದುವರಿಸಿದರು.

ಮಾಂಟೆಸ್ಸರಿ ಎಂಬ ಹೆಸರು ಈಗ ಹಲವೆಡೆ ದುಬಾರಿ ಶುಲ್ಕದ ಜತೆಗೆ ಕೇಳಿಬರುತ್ತದೆ. ಅದು ಹುಟ್ಟಿದ್ದು ಬಾಡಿಗೆ ಮನೆಗಳ ಕೂಲಿಕಾರರ ಮಕ್ಕಳಿಗಾಗಿ ಎಂಬುದನ್ನು ನಾವು ನೆನಪಿಡಬೇಕು. 2024ರಲ್ಲಿ ಕರ್ನಾಟಕ ಸರ್ಕಾರ ಬೆಂಗಳೂರಿನ ಕೆಲವು ಅಂಗನವಾಡಿಗಳನ್ನು ಸರ್ಕಾರಿ ಮಾಂಟೆಸ್ಸರಿ ಎಂಬ ಹೆಸರಿನಲ್ಲಿ ಮೇಲ್ದರ್ಜೆಗೇರಿಸಿತು. ಬಡವರ ಮಕ್ಕಳಿಗೆ ಆ ಹೆಸರು ಮರಳಿದ್ದು ಸಂತೋಷ. ಫಲಕದ ಜತೆಗೆ ತಗ್ಗಿನ ಕಪಾಟು, ಬೀಗವಿಲ್ಲದ ಬಾಗಿಲು, ಕಾಯುವ ತಾಳ್ಮೆಯ ಶಿಕ್ಷಕಿಯೂ ಬಂದರೆ ಅದು ಸಾರ್ಥಕ.

ಇನ್ನು ನಮ್ಮ ಮನೆಗಳ ಮಾತು. ಅದಕ್ಕೆ ಹಣ ಬೇಕಾಗಿಲ್ಲ. ಒಂದು ಲೋಟವನ್ನು ಕೆಳಗಿನ ಹಲಗೆಗೆ ಇಳಿಸಬಹುದು. ಒಂದು ಮೊಳೆಯನ್ನು ಎರಡು ಅಡಿ ತಗ್ಗಿಸಿ ಹೊಡೆಯಬಹುದು. ಅಂಗಳದ ಒಂದು ಗಿಡಕ್ಕೆ ನೀರುಣಿಸುವ ಕೆಲಸವನ್ನು ಮಗುವಿಗೇ ಬಿಟ್ಟುಕೊಡಬಹುದು. ಅದು ನೀರು ಚೆಲ್ಲಿದಾಗ ಗದರದೆ ಒರೆಸುವ ಬಟ್ಟೆ ಎಲ್ಲಿದೆ ಎಂದು ತೋರಿಸಬಹುದು. ಹಠಮಾರಿ ಎಂದು ನಾವು ಕರೆಯುತ್ತಿದ್ದ ಮಗು ಬೇರೆಯೇ ಆಗಿ ಕಾಣಿಸಿದರೆ ಆಶ್ಚರ್ಯವಿಲ್ಲ. ಸಾನ್ ಲೊರೆಂಜೊದ ತಾಯಂದಿರಿಗೂ ಹಾಗೆಯೇ ಕಂಡಿತ್ತು.